ಅಕ್ಕಿಯಲ್ಲಿ ಹೂಳದ ಚೂರಿ

ಆ ಚೂರಿಯನ್ನು ನಾನು ಅಕ್ಕಿಯಲ್ಲಿ ಹೂಳಲಿಲ್ಲ. ಹೂಳಿದ್ದೇನೆ ಎಂದು ಅಣ್ಣನಿಗೆ ಹೇಳಿದೆ. ಹದಿನೈದು ದಿನ ಅದು ನನ್ನ ಟ್ರಂಕಿನಲ್ಲಿ ಹಳೆಯ ಲುಂಗಿಯೊಳಗೆ ಸುತ್ತಿಕೊಂಡು ಬಿದ್ದಿತ್ತು. ಹದಿನಾರನೆಯ ದಿನ ಬೆಳಿಗ್ಗೆ ಹಿಡಿಯ ಸಂದಿಗೆ ಒಂದು ಚಿಟಿಕೆ ತೌಡು ಸವರಿ ಅವನ ಕೈಗೆ ಕೊಟ್ಟೆ. ಅಣ್ಣ ತೌಡನ್ನು ಊದಿ ಹಾರಿಸಿ, ಹಿಡಿಯನ್ನು ಎರಡು ಸಲ ಅಲುಗಿಸಿ ನೋಡಿ, "ಆತು" ಎಂದ. ನನ್ನನ್ನು ನಂಬಿದ. ಆಮೇಲೆ ಅವನ ಬಲಗೈ ಹೋಯಿತು.

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಬರೆದು ರೂಢಿಯಿಲ್ಲ. ಆದರೆ ಈ ವಿಷಯವನ್ನು ಮನಸ್ಸಿನಲ್ಲೇ ಹೇಳಿಕೊಳ್ಳುವಾಗ ಪ್ರತಿ ಸಲವೂ ಅದು ನನಗೆ ಅನುಕೂಲವಾಗುವ ಹಾಗೆ ತಿರುಗುತ್ತದೆ. ಕಾಗದದ ಮೇಲೆ ತಿರುಗಲಿಕ್ಕಿಲ್ಲ ಎಂದು ಬರೆಯಲು ಕೂತಿದ್ದೇನೆ.

ನಮ್ಮ ಮನೆ ಕುಮಟಾ ಪೇಟೆಯ ಹೊರಗೆ, ಹೊಳನಗದ್ದೆಯಲ್ಲಿ. ಮನೆಗೆ ತಾಗಿಕೊಂಡು ಕುಲುಮೆ. ಅಪ್ಪ ಇರುವಾಗಲೇ ಕೆಲಸ ಹಂಚಿಕೊಟ್ಟಿದ್ದ. ಅಣ್ಣನಿಗೆ ಕಬ್ಬಿಣ, ನನಗೆ ಕಟ್ಟಿಗೆ. ಅಣ್ಣ ಅಲಗು ಬಡಿದು, ಹದ ಕೊಟ್ಟು, ಬುಡದಲ್ಲಿ ತನ್ನ ಗುರುತು ಒತ್ತುತ್ತಿದ್ದ. ಅಲಗಿನ ಹಿಂದೆ ಕಿರಿದಾಗಿ ಚಾಚಿಕೊಂಡ ಭಾಗಕ್ಕೆ ನಾವು ಬಾಲ ಎನ್ನುತ್ತೇವೆ. ಹಿಡಿಯ ಕಟ್ಟಿಗೆಗೆ ತೂತು ಕೊರೆದು, ಕರಗಿಸಿದ ಅರಗು ಮತ್ತು ಇಟ್ಟಿಗೆ ಪುಡಿ ತುಂಬಿ, ಬಾಲವನ್ನು ಕೆಂಪಗೆ ಕಾಯಿಸಿ ಅದರೊಳಗೆ ಇಳಿಸುವುದು ನನ್ನ ಕೆಲಸ. ಹಿಡಿಯ ಬಾಯಿಗೆ ಒಂದು ಹಿತ್ತಾಳೆ ಬಳೆ ಹಾಕಿದರೆ ಮುಗಿಯಿತು. ಬಾಲ ಒಳಗೆ ಹೋದ ಮೇಲೆ ಅದನ್ನು ಯಾರೂ ನೋಡುವುದಿಲ್ಲ. ಹಿಡಿ ಹಾಕಿದವನನ್ನೂ ಯಾರೂ ಕೇಳುವುದಿಲ್ಲ. ಈ ಎರಡನೆಯ ಮಾತು ನನ್ನೊಳಗೆ ಬಹಳ ವರ್ಷ ಕೊಳೆಯಿತು.

ಅಂಗಡಿಯಲ್ಲಿ ಮಷೀನಿನ ಕತ್ತಿ ಸಿಗಲು ಶುರುವಾದ ಮೇಲೆ ನಮ್ಮ ಕುಲುಮೆಗೆ ಬರುವವರು ಕಡಿಮೆಯಾದರು. ಆಗ ಅಣ್ಣನಿಗೆ ಒಂದು ಯೋಚನೆ ಹೊಳೆಯಿತು. ಮೀನು ಕೊಯ್ಯುವ ಕತ್ತಿ ಕೊಡಲು ಬೆಳಕೆ ಎಂಬ ಊರಿಗೆ ಹೋಗಿದ್ದವನು ಗದ್ದೆಯ ಅಂಚಿನಲ್ಲಿ ಒಂದು ವೀರಗಲ್ಲು ನೋಡಿದ. ಮೂಗು ಮುಖ ಸವೆದುಹೋಗಿದ್ದ ಆ ವೀರನ ಸೊಂಟದಲ್ಲಿ ಒಂದು ಗಿಡ್ಡ ಚೂರಿ ಮಾತ್ರ ಸರಿಯಾಗಿ ಉಳಿದಿತ್ತು. ಅಲಗು ನಡುವೆ ಅಗಲ, ತುದಿ ಸ್ವಲ್ಪ ಕೆಳಗೆ ಬಾಗಿದ್ದು. ಅಣ್ಣ ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು ಬಂದು ಅಂಥದ್ದೇ ಒಂದು ಬಡಿದ. ಯಾರೋ ಅದರ ವಿಡಿಯೋ ಮಾಡಿ ಬಿಟ್ಟರು. ಹಳೆಯ ಕಾಲದ ಸಾಮಾನಿನ ಹುಚ್ಚಿರುವವರು ಇಷ್ಟು ಜನ ಇದ್ದಾರೆಂದು ನಮಗೆ ಗೊತ್ತಾದದ್ದು ಆಗಲೇ. ವಿಡಿಯೋದಲ್ಲಿ ಅಣ್ಣನ ಮುಖವಿತ್ತು, ಮಾತಿತ್ತು. ನನ್ನದು ಎರಡು ಕೈ ಮಾತ್ರ, ಅದೂ ಮೊಣಕೈವರೆಗೆ.

ಈಗ ಅಕ್ಕಿಯ ವಿಷಯ. ನಮ್ಮ ಕರಾವಳಿಯಲ್ಲಿ ಮಳೆಗಾಲದ ಕಟ್ಟಿಗೆ ನೀರು ಕುಡಿದು ಉಬ್ಬಿರುತ್ತದೆ. ಆಗ ಹಿಡಿ ಹಾಕಿದರೆ ಬಳೆಯೊಳಗೆ ಬಿಗಿಯಾಗಿ ಕೂತು ಮೋಸ ಮಾಡುತ್ತದೆ. ಚಳಿಗಾಲದ ಒಣ ಗಾಳಿ ಬಿದ್ದರೆ ಸೊರಗಿ, ಬಳೆ ಸಡಿಲಾಗಿ, ಅರಗು ಬಿರಿಯುತ್ತದೆ. ಅದಕ್ಕೆ ಅಪ್ಪ ಹಿಡಿಯ ಕಟ್ಟಿಗೆಯನ್ನು ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ವರ್ಷಗಟ್ಟಲೆ ಹೊಗೆಗೆ ಇಡುತ್ತಿದ್ದ. ಮಳೆಗಾಲದಲ್ಲಿ ಹಿಡಿ ಹಾಕಲೇಬೇಕಾಗಿ ಬಂದರೆ, ಹಾಕಿದ ಮೇಲೆ ಹದಿನೈದು ದಿನ ಒಣ ಅಕ್ಕಿಯ ಡಬ್ಬಿಯೊಳಗೆ ಹೂಳುತ್ತಿದ್ದ. ಕಟ್ಟಿಗೆಯಲ್ಲಿ ನೀರಿದ್ದರೆ ಅಕ್ಕಿ ಎಳೆದುಕೊಳ್ಳುತ್ತದೆ. ತೆಗೆದು ಕೊಡವಿದಾಗ ಬಳೆ ಗಿಲಕ್ ಎಂದರೆ ಹಿಡಿ ಒಡೆದು ಬೇರೆ ಹಾಕಬೇಕು. ಸದ್ದಿಲ್ಲದಿದ್ದರೆ ಮಾತ್ರ ಕುಲುಮೆಯಿಂದ ಹೊರಗೆ ಹೋಗಬೇಕು.

ಆ ವರ್ಷ ಶ್ರಾವಣದಲ್ಲಿ ಹೊನ್ನಾವರದ ಒಬ್ಬರು ನಿವೃತ್ತ ಮಾಸ್ತರರು ಬಂದರು. ಚಳಿಗಾಲದಲ್ಲಿ ಹಳೆಯ ವಸ್ತುಗಳ ಪ್ರದರ್ಶನ ಇಡುವವರಿದ್ದರಂತೆ. ಅದಕ್ಕೆ ವೀರಗಲ್ಲಿನ ಚೂರಿ ಬೇಕು, ಅಣ್ಣನೇ ಬಂದು ಎಲ್ಲರೆದುರು ಮೊದಲ ಕೊಯ್ತ ಕೊಯ್ದು ತೋರಿಸಬೇಕು ಎಂದರು. ಅಣ್ಣನ ಹತ್ತಿರ ಎರಡು ತಾಸು ಮಾತಾಡಿದರು. ನಾನು ಚಹಾ ತಂದಿಟ್ಟೆ. ಹೊರಡುವಾಗ ನನ್ನ ಕಡೆ ನೋಡಿ, "ಇವರು ಸಹಾಯಕ್ಕೆ ಇರೋರಾ?" ಎಂದು ಅಣ್ಣನನ್ನು ಕೇಳಿದರು.

"ತಮ್ಮ ಸರ್, ನನ್ನ ತಮ್ಮ," ಎಂದು ಅಣ್ಣ ನಕ್ಕ.

ಅಷ್ಟೇ. ಹಿಡಿ ಇವನದು ಎಂದು ಹೇಳಲಿಲ್ಲ. ಬೇಕೆಂದು ಬಿಟ್ಟದ್ದಲ್ಲ, ಅವನಿಗೆ ಹೊಳೆಯಲಿಲ್ಲ. ಹೊಳೆಯದೇ ಹೋದದ್ದೇ ನನಗೆ ಹೆಚ್ಚು ಉರಿಯಿತು.

ಅಟ್ಟದಲ್ಲಿ ಅಪ್ಪ ಇಟ್ಟಿದ್ದ ಹುಣಸೆ ಮರದ ಒಳತಿರುಳಿನ ಕಟ್ಟಿಗೆ ಒಂದೇ ಒಂದು ತುಂಡು ಉಳಿದಿತ್ತು. ಕಲ್ಲಿನಂತೆ ಒಣಗಿ, ಬೆರಳಲ್ಲಿ ಬಡಿದರೆ ಟಣ್ ಎನ್ನುತ್ತಿತ್ತು. "ಮಾಸ್ತರರ ಚೂರಿಗೆ ಅದ್ನೇ ಹಾಕು," ಎಂದ ಅಣ್ಣ. ನಾನು ಹ್ಞೂಂ ಎಂದೆ, ಹಾಕಲಿಲ್ಲ. ಆ ತುಂಡನ್ನು ನನಗಾಗಿ ಎತ್ತಿಟ್ಟೆ. ಅಲಗಿನಿಂದ ಹಿಡಿಯವರೆಗೆ ಒಂದು ಚೂರಿಯನ್ನು ನಾನೇ ಮಾಡಬೇಕು, ಅದರ ಮೇಲೆ ನನ್ನ ಗುರುತು ಇರಬೇಕು ಎಂಬ ಆಸೆ. ಅಣ್ಣನ ಚೂರಿಗೆ ಸಾಮಿಲ್ಲಿನಿಂದ ಹಸಿ ಹುಣಸೆ ತಂದೆ. ಉಳಿ ಇಟ್ಟರೆ ನೀರು ಜಿನುಗುತ್ತಿತ್ತು. ಕಾದ ಬಾಲ ಇಳಿಸುವಾಗ ತೂತಿನಿಂದ ಹೊಗೆಯ ಬದಲು ಹಬೆ ಎದ್ದಿತು. ಗೇರುಬೀಜದ ಸಿಪ್ಪೆಯ ಎಣ್ಣೆ ತಿಕ್ಕಿದೆ. ಒಂದೇ ದಿನದಲ್ಲಿ ನೂರು ವರ್ಷದ ಕಪ್ಪು ಬಂತು. ನನ್ನ ಕೈಯ ಚರ್ಮ ಒಂದು ವಾರ ಸುಲಿಯಿತು.

ಅಕ್ಕಿಯಲ್ಲಿ ಯಾಕೆ ಹೂಳಲಿಲ್ಲ ಎಂದರೆ, ಹೂಳಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು.

ಕೈಯಲ್ಲಿ ತೂಗಿ ನೋಡಿ ಅಣ್ಣ ಕೇಳಿದ. "ಸ್ವಲ್ಪ ಭಾರ ಕಾಣ್ತದಲ್ಲ ಮಾರಾಯ?"

"ತಿರುಳು ಅಲ್ವ, ಭಾರ ಇರ್ತದೆ."

"ಹೌದು ಬಿಡು. ಅಪ್ಪನ ಕಟ್ಟಿಗೆ."

ಚಳಿಗಾಲದಲ್ಲಿ ಹೊನ್ನಾವರದ ಪ್ರದರ್ಶನದ ಸಭಾಂಗಣದಲ್ಲಿ ಸುಮಾರು ಜನ ಸೇರಿದ್ದರು. ಅಣ್ಣ ಇಸ್ತ್ರಿ ಹಾಕಿದ ಬಿಳಿ ಅಂಗಿ ಹಾಕಿಕೊಂಡು ವೇದಿಕೆಯ ಮೇಲಿದ್ದ. ಅತ್ತಿಗೆ ಮುಂದಿನ ಸಾಲಿನಲ್ಲಿ, ನಾನು ಹಿಂದೆ ಗೋಡೆಯ ಹತ್ತಿರ. ಅಣ್ಣ ವೀರಗಲ್ಲಿನ ಫೋಟೋ ತೋರಿಸಿ ನಾಲ್ಕು ಮಾತಾಡಿದ. ಆ ದಿನವಾದರೂ ನನ್ನ ಹೆಸರು ಬರುತ್ತದೋ ಎಂದು ಕಾದೆ. ಬಂತು. "ಹಿಡಿ ನನ್ನ ತಮ್ಮ ಹಾಕಿದ್ದು, ಅವ್ನಷ್ಟು ಚಲೋ ಹಿಡಿ ಹಾಕೋರು ಈ ಮೂರು ತಾಲೂಕಲ್ಲಿ ಇಲ್ಲ," ಎಂದು ನನ್ನ ಹೆಸರು ಹಿಡಿದೇ ಹೇಳಿದ. ಜನ ತಿರುಗಿ ನೋಡಿದರು. ಆಗಲೇ ಎದ್ದು "ನಿಲ್ಲು" ಎನ್ನಬಹುದಿತ್ತು. ನಾನು ಕೈ ಮುಗಿದು ನಕ್ಕೆ.

ಹಸಿ ಬಿದಿರಿನ ಒಂದು ಗಳವನ್ನು ನಿಲ್ಲಿಸಿದ್ದರು. ಅಣ್ಣ ಓರೆಯಾಗಿ ಒಂದು ಏಟು ಹಾಕಿದ. ಬಿದಿರು ಅರ್ಧ ತುಂಡಾಗಿ ಅಲಗು ಸಿಕ್ಕಿಕೊಂಡಿತು. ಚೂರಿ ಕೀಳಲು ಎಳೆದಾಗ ಬಳೆ ಕಳಚಿ, ಹಿಡಿ ಉದ್ದಕ್ಕೆ ಸೀಳಿ ಎರಡಾಯಿತು. ಅಲಗು ಬಿದಿರಿನಿಂದ ಜಾರಿ ಕೆಳಗೆ ಬೀಳತೊಡಗಿತು.

ಬೇರೆ ಯಾರಾದರೂ ಆಗಿದ್ದರೆ ಹಿಂದೆ ಸರಿಯುತ್ತಿದ್ದರು. ನಮ್ಮ ಕುಲುಮೆಯಲ್ಲಿ ಒಂದು ನೇಮವಿದೆ. ಮೊದಲ ಕೊಯ್ತ ಪೂರ್ತಿ ಆಗುವವರೆಗೆ ಹೊಸ ಅಲಗು ನೆಲ ಮುಟ್ಟಬಾರದು. ಇಕ್ಕಳದಿಂದ ಜಾರಿದರೆ ಮೊಣಕಾಲು ಕೊಟ್ಟಾದರೂ ತಡೆಯಬೇಕು. ಹಾಗೆ ತಡೆದು ಸುಟ್ಟ ಕಲೆ ಅಣ್ಣನ ಮೊಣಕಾಲ ಮೇಲೆ ಮೂರಿವೆ. ಆ ದಿನವೂ ಅವನು ಯೋಚನೆ ಮಾಡಲಿಲ್ಲ. ಬೀಳುವ ಅಲಗನ್ನು ಬಲಗೈಯಲ್ಲಿ ಹಿಡಿದ. ಅವನೇ ಮಸೆದ ಅಲಗು. ಹಿಡಿದವನು ಬಿಡಲೂ ಇಲ್ಲ, ಮೇಜಿನ ಮೇಲೆ ಇಟ್ಟ ಮೇಲೆಯೇ ಕೂತ.

ಆಗ ನನ್ನ ಮನಸ್ಸಿಗೆ ಮೊದಲು ಬಂದದ್ದು ಅವನ ಕೈಯಲ್ಲ. ಹಿಡಿಯ ಒಳಗಿನ ಬಣ್ಣ ಯಾರಾದರೂ ನೋಡಿದರೇನೋ ಎಂದು. ಹೊರಗೆ ಕಪ್ಪು, ಸೀಳಿದ ಒಳಭಾಗ ಹೊಸ ಕಟ್ಟಿಗೆಯ ಬಿಳಿ. ಇದನ್ನು ಬರೆಯದೆ ಬಿಟ್ಟರೆ ಉಳಿದದ್ದು ಬರೆದೂ ಪ್ರಯೋಜನವಿಲ್ಲ.

ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು. ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳಿನ ನರ ಕಡಿದಿದೆ, ಕೂಡಿಸಿದರೂ ಮೊದಲಿನ ಹಿಡಿತ ಬರುವುದಿಲ್ಲ ಎಂದರು. ಮಾಸ್ತರರು ಅಲಗನ್ನೂ ಹಿಡಿಯ ಎರಡು ಹೋಳನ್ನೂ ಪೇಪರಿನಲ್ಲಿ ಸುತ್ತಿ ನನಗೆ ಕೊಟ್ಟರು. ಅತ್ತಿಗೆ ಅಣ್ಣನ ಹತ್ತಿರ ಉಳಿದಳು. ಬಟ್ಟೆ ತರಲೆಂದು ನಾನು ಮನೆಗೆ ಬಂದೆ. ಹಿಡಿಯ ಹೋಳುಗಳನ್ನು ಬಚ್ಚಲ ಒಲೆಗೆ ಹಾಕಿದೆ. ಪೂರ್ತಿ ಒಣಗದ ಕಟ್ಟಿಗೆ, ಉರಿಯಲು ಬಹಳ ಹೊತ್ತು ಹಿಡಿಯಿತು. ಎತ್ತಿಟ್ಟಿದ್ದ ಅಪ್ಪನ ತುಂಡನ್ನೂ ಹಾಕಿದೆ. ಅದು ಕೂಡಲೇ ಹೊತ್ತಿಕೊಂಡಿತು.

ಆಮೇಲೆ ಅಲಗನ್ನು ಕಬ್ಬಿಣ ಬಿಗಿಹಿಡಿಯುವ ವೈಸಿಗೆ ಕಚ್ಚಿಸಿದೆ. ಅದರ ಬಾಲ ನಾಲ್ಕೂವರೆ ಬೆರಳು ಉದ್ದವಿತ್ತು, ಇರಬೇಕಾದಷ್ಟೇ. ಬಾಲ ಗಿಡ್ಡವಾದರೆ ಹಿಡಿ ನಿಲ್ಲುವುದಿಲ್ಲ, ಆಗ ತಪ್ಪು ಅಲಗು ಬಡಿದವನದು. ಹ್ಯಾಕ್ಸಾ ಗರಗಸ ತೆಗೆದುಕೊಂಡು ಒಂದೂವರೆ ಬೆರಳಿನಷ್ಟನ್ನು ಕೊಯ್ದೆ. ಕೊಯ್ದ ತುದಿಯನ್ನು ಅರದಲ್ಲಿ ಉಜ್ಜಿದೆ. ಹೊಸ ಕಬ್ಬಿಣದ ಹೊಳಪು ಹೋಗಲೆಂದು ಹುಣಸೆಹುಳಿ ಉಪ್ಪು ಹಚ್ಚಿ, ಬೆಂಕಿಗೆ ಹಿಡಿದು, ಮೇಲೆ ಅರಗು ಮೆತ್ತಿದೆ. ಆ ದಿನ ಮಾಡಿದಷ್ಟು ಶ್ರದ್ಧೆಯ ಕೆಲಸ ನಾನು ಜನ್ಮದಲ್ಲಿ ಮಾಡಿಲ್ಲ.

ಮೂರನೆಯ ದಿನ ಆಸ್ಪತ್ರೆಯಲ್ಲಿ ಅಣ್ಣ ಕೇಳಿದ. "ಹಿಡಿ ಎಲ್ಲಿದೆ? ನೋಡ್ಬೇಕಿತ್ತು."

"ಪುಡಿಯಾಗಿತ್ತು. ಬಿಸಾಕ್ದೆ."

"ಬಾಲ ನೋಡಿದ್ಯ?"

"ನೋಡ್ದೆ. ಮೂರು ಬೆರಳು."

"ನಾಲ್ಕೂವರೆ ಇಟ್ಟಿದ್ದೆ ಅಲ್ವನಾ ನಾನು?"

"ನಂಗೆಂತ ಗೊತ್ತು. ಕೊಟ್ಟದ್ದಕ್ಕೆ ಹಿಡಿ ಹಾಕ್ದೆ."

ಮನೆಗೆ ಬಂದವನೇ ಅಲಗು ತರಿಸಿ, ಎಡಗೈ ಬೆರಳಿನಿಂದ ಬಾಲ ಅಳೆದ. ಮೂರು ಬೆರಳು. ಮತ್ತೆ ಅಳೆದ. "ಹಾಂಗಾರೆ ಆ ದಿವ್ಸ ನನ್ನ ಕಣ್ಣು ಎಲ್ಲಿತ್ತೇನ," ಎಂದ. ಗಿಡ್ಡ ಇದ್ದದ್ದು ಕಂಡ ಮೇಲೆ ನೀನಾದರೂ ಹೇಳಬೇಕಿತ್ತು ಎಂದು ನನಗೆ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆನೇನೋ.

ಅಣ್ಣ ಕುಲುಮೆಯ ಬಾಗಿಲು ಹಾಕಿದ. ಕೈ ಹೋದದ್ದಕ್ಕಲ್ಲ. ಎಡಗೈಯಲ್ಲಿ ಸುತ್ತಿಗೆ ಹಿಡಿಯಲು ಕಲಿಯುತ್ತೇನೆ ಎಂದು ಮೊದಲು ಹೇಳಿದ್ದ. ಬಾಲ ಅಳೆದ ದಿನದಿಂದ ಆ ಮಾತು ನಿಂತಿತು. "ಕೈ ಹೋದ್ರೆ ಕಲೀಬಹುದು. ಕಣ್ಣಳತೆ ಹೋದವ ಕಬ್ಬಿಣ ಮುಟ್ಬಾರದು," ಎಂದ. ಈಗ ತದಡಿಯ ಬಂದರಿನಲ್ಲಿ ಒಂದು ಐಸ್ ಫ್ಯಾಕ್ಟರಿಯ ಗೇಟು ಕಾಯುತ್ತಾನೆ. ನಾನು ಪೇಟೆಯ ಅಂಗಡಿಯವರ ಮಷೀನ್ ಕತ್ತಿಗಳಿಗೆ ಹಿಡಿ ಹಾಕಿಕೊಡುತ್ತೇನೆ. ಅತ್ತಿಗೆ ಒಂದು ದಿನ ಮೀನು ಬಡಿಸುತ್ತಾ, "ಕಬ್ಬಿಣ ಮುಟ್ಟಿದವರ ಕೈ ಹೋಯ್ತು, ಕಟ್ಟಿಗೆ ಮುಟ್ಟಿದವರಿಗೆ ಎಂತ ಆಗ್ಲಿಲ್ಲ ನೋಡು. ನಿಮ್ಮಪ್ಪ ನಿಂಗೇ ಚಲೋ ಪಾಲು ಕೊಟ್ಟ," ಎಂದು ನಗೆಯಾಡಿದಳು. ನಾನು ಊಟ ಬಿಟ್ಟೆದ್ದೆ. ಮೀನು ಸರಿಯಿಲ್ಲವೇನೋ ಎಂದುಕೊಂಡಳು.

ಹೀಗೆ ಮೂರು ವರ್ಷ.

ಈ ವರ್ಷ ಮಳೆ ಬಿಟ್ಟ ಮೇಲೆ ಅಣ್ಣ ಒಂದು ನೋಟುಬುಕ್ಕು ಹಿಡಿದುಕೊಂಡು ಬಂದ. ಅವನಿಂದ ಚೂರಿ ಕೊಂಡವರ ಫೋನ್ ನಂಬರು ಅದರಲ್ಲಿದ್ದವು. "ಒಂದರ ಬಾಲ ಗಿಡ್ಡ ಆಗಿದ್ರೆ ಉಳಿದದ್ದೂ ಆಗಿರ್ಬಹುದು. ಯಾರ ಕೈ ಹೋಗ್ತದೆ ಅಂತ ಕಾಯುದು ಬೇಡ. ನೀನು ನಂಬರ್ ಒತ್ತು, ನನ್ನ ಹೆಬ್ಬೆಟ್ಟು ಕೇಳುದಿಲ್ಲ."

ನಾನು ಒತ್ತಿದೆ. ದಿನಕ್ಕೆ ಮೂರು ನಾಲ್ಕು. ಪಕ್ಕದಲ್ಲಿ ಕೂತು ಕೇಳಿದೆ. ಪ್ರತಿಯೊಬ್ಬರಿಗೂ ಅವನದು ಅದೇ ಮಾತು. "ನಮಸ್ಕಾರ, ನಾನು ಕುಮಟಾದ ಆಚಾರಿ. ನೀವು ತಗಂಡ ಚೂರಿ ದಯಮಾಡಿ ಬಳಸ್ಬೇಡಿ. ಬಾಲ ಗಿಡ್ಡ ಇರ್ಬಹುದು. ನನ್ನದೇ ತಪ್ಪು." ಒಬ್ಬರು ಶೋಕೇಸಿನಲ್ಲಿದೆ, ಮುಟ್ಟೇ ಇಲ್ಲ ಎಂದರು. ಒಬ್ಬರು ನೀವು ಹೀಗೆ ಹೇಳಿದರೆ ನಾವು ಯಾರನ್ನು ನಂಬುವುದು ಎಂದು ಬೈದು ಇಟ್ಟರು. ಅಣ್ಣ "ಹೌದು, ಹೌದು" ಎನ್ನುತ್ತಿದ್ದ. ಫೋನ್ ಇಟ್ಟ ಮೇಲೆ ಆ ಹೆಸರಿನ ಮುಂದೆ ಎಡಗೈಯಲ್ಲಿ ಸೊಟ್ಟದಾಗಿ ಒಂದು ಗೀಟು ಹಾಕುತ್ತಿದ್ದ. ನಂಬರು ಒತ್ತಲು ಮಾತ್ರ ನಾನು ಬೆರಳು ಕೊಟ್ಟೆ, ಬಾಯಿ ತೆರೆಯಲಿಲ್ಲ.

ಭಟ್ಕಳದ ಒಬ್ಬರು ವಯಸ್ಸಾದ ಸಾಹೇಬರು ಮಾತ್ರ ಫೋನಿನಲ್ಲಿ ಒಪ್ಪಲಿಲ್ಲ. ಭಾನುವಾರ ಬೆಳಿಗ್ಗೆ ಬಸ್ಸಿನಲ್ಲಿ ಚೂರಿ ಹಿಡಿದುಕೊಂಡು ಮನೆಗೇ ಬಂದರು. ಜಗಲಿಯ ಮೇಲೆ ಕೂತು ಟವೆಲ್ಲಿನಿಂದ ಬಿಚ್ಚಿ ಅಣ್ಣನ ಮುಂದಿಟ್ಟರು.

"ನೋಡಿ ಆಚಾರಿ. ನಾಲ್ಕು ಬಕ್ರೀದ್ ಆಯ್ತು. ಮೂಳೆ ಕಡ್ದಿದೀವಿ, ತೆಂಗಿನಕಾಯಿ ಸುಲ್ದಿದೀವಿ, ನನ್ನ ಬೇಗಂ ಒಂದ್ಸಲ ಇದ್ರಲ್ಲಿ ಕಿಟಕಿ ಚಿಲ್ಕ ಕೂಡ ಮೀಟಿದಾಳೆ. ಕೂದ್ಲಷ್ಟೂ ಅಲ್ಲಾಡಿಲ್ಲ. ಚೂರಿ ಚಲೋ ಇದೆ. ಕೆಟ್ಟದ್ದು ನಿಮ್ಮ ತಲೆ."

"ಹೊರಗಿಂದ ಗೊತ್ತಾಗುದಿಲ್ಲ ಸಾಹೇಬ್ರೆ," ಎಂದ ಅಣ್ಣ. "ಒಡ್ದು ನೋಡ್ಬೇಕು. ಬೇರೆ ಹಿಡಿ ಹಾಕಿ ಕೊಡ್ತೇವೆ."

"ಅರೆ, ಒಡಿಯೋದಾ! ನಾನು ಹೊಗಳೋಕೆ ಬಂದ್ರೆ ಇವ್ರು ಒಡಿತಾರಂತೆ!"

"ಉಳಿ ತಾರ," ಎಂದ ಅಣ್ಣ ನನಗೆ.

ತಂದೆ. ಚೂರಿಯನ್ನು ಮರದ ದಿಮ್ಮಿಯ ಮೇಲಿಟ್ಟೆ. ಅದರ ಹಿಡಿ ನಾನೇ ಹಾಕಿದ್ದು, ಬೇಸಿಗೆಯಲ್ಲಿ, ಒಣಗಿದ ಕಟ್ಟಿಗೆಯಲ್ಲಿ, ಮನಸ್ಸಿಟ್ಟು. ಸಾಹೇಬರ ಕೈಯ ಎಣ್ಣೆ ಹೀರಿ ನುಣ್ಣಗಾಗಿತ್ತು. ಒಳಗೆ ನಾಲ್ಕೂವರೆ ಬೆರಳಿನ ಬಾಲ ಇದೆಯೆಂದು ನನಗೆ ಗೊತ್ತಿತ್ತು. ಒಡೆದರೆ ಅಣ್ಣ ಅಳೆಯುತ್ತಾನೆ, ಇದೊಂದು ಸರಿಯಿದೆ, ಉಳಿದದ್ದು ಹೇಗಿದೆಯೋ ಎನ್ನುತ್ತಾನೆ, ನಾಳೆ ಮುಂದಿನವರಿಗೆ ಫೋನು ಹಚ್ಚಿಸುತ್ತಾನೆ. ನನ್ನ ಕೈಯಲ್ಲಿ ಉಳಿ ಇತ್ತು, ಅಣ್ಣ ತನ್ನ ಎಡಗೈಯಿಂದ ಚೂರಿಯನ್ನು ಒತ್ತಿ ಹಿಡಿದಿದ್ದ. ಬಲಗೈ ಮಡಿಲಲ್ಲಿ ಅರ್ಧ ಮುಚ್ಚಿಕೊಂಡು ಬಿದ್ದಿತ್ತು.

"ಹೊಡಿಯ," ಎಂದ.

"ಒಡಿಯುದು ಬೇಡ," ಎಂದೆ. "ಇದ್ರ ಬಾಲ ಸರಿ ಇದೆ."

"ನಿಂಗೆ ಹ್ಯಾಂಗೆ ಗೊತ್ತು?"

"ಎಲ್ಲದ್ರದ್ದೂ ಸರಿ ಇದೆ. ಮಾಸ್ತರರದ್ದೂ ಸರಿ ಇತ್ತು."

ಅಣ್ಣ ತಲೆ ಎತ್ತಿದ. ಸಾಹೇಬರು ನನ್ನನ್ನೂ ಅವನನ್ನೂ ನೋಡಿ, ಬೇರೆಯವರ ಮನೆಯ ಮಾತು ಎಂದು ತಿಳಿದು, ಟವೆಲ್ಲು ಹೆಗಲಿಗೆ ಹಾಕಿಕೊಂಡು ಅಂಗಳಕ್ಕೆ ಇಳಿದರು.

ನಾನು ಹೇಳಿದೆ. ಸಾಮಿಲ್ಲಿನ ಕಟ್ಟಿಗೆ, ಟ್ರಂಕು, ತೌಡು, ಬಚ್ಚಲ ಒಲೆ, ಹ್ಯಾಕ್ಸಾ. ಅಳಲಿಲ್ಲ. ಮುಗಿದ ಮೇಲೆ ಅಣ್ಣ ಒಂದು ಮಾತು ಕೇಳಿದ.

"ಕೊಯ್ದ ತುದಿ ಹಳೇದ್ರಂಗೆ ಕಾಣ್ತಿತ್ತಲ್ಲ. ಎಂತ ಮಾಡಿದ್ದೆ?"

"ಹುಳಿ ಉಪ್ಪು ಹಚ್ಚಿ ಸುಟ್ಟೆ."

"ಹ್ಞಾಂ," ಎಂದ. ಕುಲುಮೆಯ ಮುಚ್ಚಿದ ಬಾಗಿಲ ಕಡೆ ನೋಡಿದ. "ಹಾಂಗಾರೆ ನಾನು ನಾಲ್ಕೂವರೇನೇ ಇಟ್ಟಿದ್ದೆ."

"ನಾಲ್ಕೂವರೇನೇ."

"ಮೂರು ವರ್ಷ ನಾನು ನನ್ನ ಕಣ್ಣನ್ನೇ ನಂಬ್ಲಿಲ್ವಲ್ಲೋ," ಎಂದ. ಧ್ವನಿ ಏರಲಿಲ್ಲ. "ಕೈ ನೀನು ಬೇಕಂತ ಕಡಿಲಿಲ್ಲ, ಅದು ನಂಗೆ ಗೊತ್ತು. ಇದನ್ನ ಬೇಕಂತ ಮಾಡ್ದೆ ನೀನು."

ಉಳಿ ಕೆಳಗಿಟ್ಟೆ. ಎಷ್ಟೋ ಸಲ ಒಳಗೊಳಗೇ ಅಂದುಕೊಂಡ ಮಾತು, ಬಾಯಿಗೆ ಬಂದಾಗ ಉದ್ದ ಇರಲಿಲ್ಲ.

"ಹೌದು ಅಣ್ಣ, ಬೇಕಂತಲೇ ಮಾಡ್ದೆ. ನಿನ್ನ ಕೆಲ್ಸ ಸರಿ ಇತ್ತು, ನಂದು ಹಾಳಿತ್ತು, ಅದನ್ನ ನಿನ್ನ ತಲೆಗೆ ಕಟ್ದೆ. ತಪ್ಪಾತು. ನನ್ನದು ತಪ್ಪಾತು ಅಣ್ಣ."